ಅಮ್ಮಿಣಿಗೆ ಬಣ್ಣ ಬಂದದ್ದು

ಶ್ರೀಕಾರ್ಯಂ, ತಿರುವನಂತಪುರ
4 ಫೆಬ್ರವರಿ 2024

ಮಾನ್ಯ ವಕೀಲ ಮಹಾಲಿಂಗರಿಗೆ ರತ್ನಾಕರನ ನಮಸ್ಕಾರಗಳು.

ವಿಷಯ: ತಾವು ಕೊಟ್ಟ ಕೋಳಿ. ಉಲ್ಲೇಖ: ಅದೇ ಕೋಳಿ.

ಎರ್ನಾಕುಲಂನ ಕನ್ನಡ ಪ್ರಬಂಧ ಸ್ಪರ್ಧೆಗೆ ನಾವಿಬ್ಬರೂ ತೀರ್ಪುಗಾರರಾಗಿ, ಬಂದಿದ್ದ ಮೂರೇ ಮಕ್ಕಳಿಗೆ ಮೂರೂ ಬಹುಮಾನ ಹಂಚಿ, ನಮ್ಮ ಕೈಬರಹಕ್ಕೆ ತುಕ್ಕು ಹಿಡಿಯಬಾರದೆಂದು ಅಂಚೆಯಲ್ಲೇ ಪತ್ರ ಬರೆಯುವ ಶಪಥ ಮಾಡಿ ನಾಲ್ಕು ವರ್ಷವಾಯಿತು. ಇಷ್ಟು ದಿನ ಬರೆಯಲು ವಿಷಯವಿರಲಿಲ್ಲ. ಸೆಕೆಯ ಬಗ್ಗೆ ಬರೆದೂ ಬರೆದೂ ನಾನು ಹವಾಮಾನ ಇಲಾಖೆಯವನಂತೆ ಕಾಣತೊಡಗಿದ್ದೆ. ಹೋದ ತಿಂಗಳು ಮಗಳು ಸಂಹಿತಾಳ ಹನ್ನೊಂದನೆಯ ಹುಟ್ಟುಹಬ್ಬಕ್ಕೆಂದು ತಾವು ಬುಟ್ಟಿಯಲ್ಲಿ ತಂದುಕೊಟ್ಟ ಹಕ್ಕಿ ಆ ಕೊರತೆಯನ್ನು ನೀಗಿಸಿದೆ.

ಹಕ್ಕಿಯ ವಿವರ ದಾಖಲೆಗಾಗಿ: ಗಾತ್ರ ದಪ್ಪ ಹುಂಜದಷ್ಟು. ಬಣ್ಣ ಕಂದು, ಮೇಲೆ ಚುಕ್ಕಿ, ಸರ್ಕಾರಿ ಕಂಬಳಿಯ ಹಾಗೆ. ಗಂಟಲು ಬೆಳ್ಳಗೆ. ಕಣ್ಣಿನ ಸುತ್ತ ಮಾತ್ರ ಒಂದಿಷ್ಟು ನೀಲಿ. ಹೆಣ್ಣು ಎಂದು ತೀರ್ಮಾನಿಸಿ ಮಗಳು ಅಮ್ಮಿಣಿ ಎಂದು ಹೆಸರಿಟ್ಟಿದ್ದಾಳೆ. ಕನ್ನಡದಲ್ಲಿ ಕರೆದರೆ ಅಮ್ಮಿಣಿ ಬರುವುದಿಲ್ಲ. ಮಗಳೂ ಹಾಗೆಯೇ ಆದ್ದರಿಂದ ನನಗೆ ಹೊಸದೇನೂ ಅನ್ನಿಸಲಿಲ್ಲ.

ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ. ಕೇಂದ್ರ ಸರ್ಕಾರದ ನೌಕರನು ಬಂಧುವಲ್ಲದವರಿಂದ ಉಡುಗೊರೆ ಪಡೆದರೆ ಕಚೇರಿಗೆ ತಿಳಿಸಬೇಕಲ್ಲವೇ? ಇಪ್ಪತ್ತಾರು ವರ್ಷದ ಸೇವೆಯಲ್ಲಿ ನನಗೆ ಯಾರೂ ಏನೂ ಕೊಟ್ಟಿರಲಿಲ್ಲ, ಆ ಫಾರಂ ತುಂಬುವ ಆಸೆ ಹಾಗೆಯೇ ಉಳಿದಿತ್ತು. ತುಂಬಿದೆ. ‘ಹಕ್ಕಿ, ಕಂದು, ಒಂದು. ಕೊಟ್ಟವರು: ಶ್ರೀ ಮಹಾಲಿಂಗ, ವಕೀಲರು, ಕೊಚ್ಚಿ.’ ಮೂರು ಪ್ರತಿ.

ನನ್ನ ಹೆಂಡತಿ ಕುಸುಮಾವತಿ ಕೇಳಲು ಹೇಳಿದ್ದಾಳೆ: “ಇದು ಮೊಟ್ಟೆ ಯಾವಾಗಿಂದ ಇಡತ್ತೆ ಅಂತ ವಕೀಲರನ್ನ ಕೇಳ್ರಿ.”

ತಮ್ಮ
ರತ್ನಾಕರ

*

ಕೊಚ್ಚಿ
13 ಫೆಬ್ರವರಿ 2024

ರತ್ನಾಕರರೇ,

ಪತ್ರ ಬಂತು. ಓದಿ ನಗಾಡಿದೆ. ಆಮೇಲೆ ‘ಮೂರು ಪ್ರತಿ’ ಎಂಬಲ್ಲಿ ನಗು ಸ್ವಲ್ಪ ನಿಂತಿತು.

ಎಂತ ಮಾರಾಯ್ರೇ ನೀವು! ಒಂದು ಕೋಳಿಗೆ ಯಾರಾದರೂ ಕಚೇರಿಗೆ ಕಾಗದ ಬರೆಯುತ್ತಾರಾ? ನಾಳೆ ನಮ್ಮ ಮನೆಯಲ್ಲಿ ನಾಲ್ಕು ಪತ್ರೊಡೆ ತಿಂದರೆ ಅದಕ್ಕೂ ಫಾರಂ ತುಂಬುತ್ತೀರಾ? ನನ್ನ ಹೆಸರನ್ನು ಪೂರ್ತಿ ಯಾಕೆ ಬರೆದದ್ದು? ‘ಒಬ್ಬ ಸ್ನೇಹಿತ’ ಎಂದರೆ ಸಾಕಿತ್ತು. ಹೀಗೇ ಕೇಳಿದೆ, ತಮಾಷೆಗೆ.

ಹಕ್ಕಿಯ ವಿಷಯ: ಅದು ಗೋಲ್ಡನ್ ಫೆಸಂಟ್ ಎಂಬ ಅಲಂಕಾರದ ಕೋಳಿ. ಚೀನಾ ಕಡೆಯದ್ದು, ಇಲ್ಲಿ ಅಂಗಡಿಗಳಲ್ಲೇ ಸಿಗುತ್ತದೆ. ನನ್ನ ಕಕ್ಷಿದಾರನೊಬ್ಬ, ಅವನಿಗೆ ಆಲುವಾದ ಹತ್ತಿರ ಹಕ್ಕಿಗಳ ವ್ಯಾಪಾರ, ಕೇಸು ಗೆದ್ದ ಸಂತೋಷಕ್ಕೆ ಬುಟ್ಟಿ ತಂದು ಬಾಗಿಲಲ್ಲಿಟ್ಟು “ಸಾರೇ, ನಲ್ಲ ಕೋಳಿಯಾ”, ಒಳ್ಳೆಯ ಕೋಳಿ, ಎಂದು ಹೋದ. ನಮ್ಮದು ಒಂಬತ್ತನೆಯ ಮಾಳಿಗೆಯ ಫ್ಲ್ಯಾಟು, ನಿಮ್ಮದು ಹಿತ್ತಿಲಿರುವ ಮನೆ. ಅಷ್ಟೇ ಕಥೆ.

ಮೊಟ್ಟೆಗೆ ಕಾಯಲು ಹೇಳಿ. ನ್ಯಾಯಾಲಯದಲ್ಲಿ ಇಪ್ಪತ್ತು ವರ್ಷ ಕಾಯುವವರನ್ನು ನೋಡಿದ್ದೇನೆ, ಮೊಟ್ಟೆ ಎಂತ ಮಹಾ.

ನಿಮ್ಮ
ಮಹಾಲಿಂಗ

*

ಶ್ರೀಕಾರ್ಯಂ
21 ಏಪ್ರಿಲ್ 2024

ಮಾನ್ಯರೇ,

ಸೆಕೆ. (ಹವಾಮಾನ ಇಲಾಖೆ ಮುಗಿಯಿತು.)

ಅಮ್ಮಿಣಿ ಕೊಕ್ಕು ತೆರೆದು ಏದುಸಿರು ಬಿಡುತ್ತಾಳೆ. ಮೈಗೆ ನೀರು ಚಿಮುಕಿಸಿದೆವು, ಗೋಣಿ ಒದ್ದೆ ಮಾಡಿ ಹಾಸಿದೆವು. ಕೊನೆಗೆ ಮಗಳು “ಪಾವಂ”, ಪಾಪ, ಎಂದು ಅತ್ತಿದ್ದರಿಂದ ಎಸಿ ಇರುವ ಏಕೈಕ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇವೆ. ಗೃಹಸ್ಥನು ಜಗುಲಿಯಲ್ಲಿ ಮಲಗುತ್ತಾನೆ. ತುಂಬಾ ಎಂಬ ಕಡಲತೀರದ ಕಡೆಯಿಂದ ಬರುವ ಸಮುದ್ರದ ಗಾಳಿ ನಮ್ಮ ಮನೆಯವರೆಗೆ ಬಂದು, ವಿಳಾಸ ಕೇಳಿ, ವಾಪಸು ಹೋಗುತ್ತದೆ.

ಇನ್ನೊಂದು ಸಂಗತಿ. ಸಂಜೆ ತಂಪಾದ ಮೇಲೆ ಹಿತ್ತಿಲಿಗೆ ಬಿಟ್ಟರೆ ಮರಗೆಣಸಿನ ಬುಡಕ್ಕೆ ಹೋಗುತ್ತಾಳೆ. ಹದಿನೇಳು ಗಿಡದಲ್ಲಿ ಒಂಬತ್ತನ್ನು ಬುಡಮೇಲು ಮಾಡಿದ್ದಾಳೆ. ನಮ್ಮ ಪಕ್ಕದ ಮನೆಯ ಉಮಾಮಹೇಶ್ವರರು ಗೊತ್ತಲ್ಲ, ಹಾವೇರಿಯವರು, ಇಲ್ಲಿನ ಗೆಡ್ಡೆಗೆಣಸಿನ ಸಂಶೋಧನೆಯಲ್ಲಿದ್ದು ನಿವೃತ್ತರಾದವರು. ಗೋಡೆಯ ಮೇಲಿಂದ ಬಹಳ ಹೊತ್ತು ನೋಡಿದರು.

“ಏನ್ರೀ ರತ್ನಾಕರ, ಇದು ಕೋಳಿ ಅಲ್ರೀ.”

“ಅಲಂಕಾರದ ಕೋಳಿ ಸಾರ್. ಚೀನಾದ್ದು.”

“ಚೀನಾದ್ದಿರಲಿ, ಚಿಂಚೋಳಿದಿರಲಿ. ಕೋಳಿ ಆದ್ರ ಕಾಲಿಂದ ಕೆದರತೈತಿ. ಇದು ನೋಡ್ರಿ, ಕೊಕ್ಕು ಹಾಕಿ ಗುದ್ದಲಿ ಹಂಗ ಅಗ್ಯಾಕತ್ತೈತಿ. ಈ ಅಗಿಯೂದು ನಾ ಎಲ್ಲೋ ನೋಡೀನಿ. ಎಲ್ಲಿ ಅಂತ ನೆನಪಾಗವಲ್ದು.”

ಅವರಿಗೆ ನೆನಪಾಗುವವರೆಗೆ ನನಗೆ ನಿದ್ದೆ ಬರುವುದಿಲ್ಲ. ಜೊತೆಗೆ ಬೆಳ್ಳಗಿದ್ದ ಗಂಟಲಲ್ಲಿ ಕಪ್ಪು ಗರಿ ಮೂಡುತ್ತಿದೆ. ಕಚೇರಿಯಿಂದಲೂ ಆಕ್ಷೇಪಣೆ ಬಂದಿದೆ: ‘ಹಕ್ಕಿ ಎಂಬುದು ಅಸ್ಪಷ್ಟ. ಜಾತಿಯನ್ನು ನಮೂದಿಸುವುದು.’ ಹಕ್ಕಿಯದೋ ನನ್ನದೋ ಎಂದು ಕೇಳಿ ನಕ್ಕೆ. ಯಾರೂ ನಗಲಿಲ್ಲ. ಏನು ಬರೆಯಲಿ?

ರತ್ನಾಕರ

*

ಕೊಚ್ಚಿ
27 ಏಪ್ರಿಲ್ 2024

ರತ್ನಾಕರರೇ,

‘ಕೋಳಿ’ ಎಂದು ಬರೆಯಿರಿ. ಹೆಚ್ಚು ಬೇಡ.

ಫೋನಿನಲ್ಲಿ ಈ ವಿಷಯ ಮಾತಾಡುವುದು ಬೇಡ, ಫೋಟೋ ಕಳಿಸುವುದೂ ಬೇಡ. ಪಕ್ಕದ ಮನೆಯವರಿಗೆ ತೋರಿಸಬೇಡಿ. ಕೆಲಸ ತುಂಬಾ ಇದೆ.

ಮಹಾಲಿಂಗ

*

ಶ್ರೀಕಾರ್ಯಂ
18 ಆಗಸ್ಟ್ 2024

ಮಾನ್ಯ ಮಹಾಲಿಂಗರೇ,

ನಾಲ್ಕು ತಿಂಗಳಿಂದ ತಮ್ಮ ಪತ್ರವಿಲ್ಲ. ಕಳೆದ ಪತ್ರ ನಾಲ್ಕು ಸಾಲಿನದು, ಅದರಲ್ಲಿ ಒಂದೇ ಒಂದು ತಮಾಷೆ ಇರಲಿಲ್ಲ. ನನ್ನ ಕೋಳಿಪುರಾಣ ತಮಗೆ ಬೇಸರ ತಂದಿತೆಂದು ತಿಳಿದು ನಾನೂ ಸುಮ್ಮನಿದ್ದೆ. ಈಗ ಸುಮ್ಮನಿರುವ ಹಾಗಿಲ್ಲ.

ಅಮ್ಮಿಣಿ ಬಣ್ಣಕ್ಕೆ ಬಂದಿದ್ದಾಳೆ. ಬಂದಿದ್ದಾನೆ.

ಜುಲೈಯಲ್ಲಿ ಕಂದು ಗರಿ ಉದುರತೊಡಗಿತು. ಕಾಯಿಲೆ ಎಂದುಕೊಂಡೆವು. ಆಮೇಲೆ ಒಂದು ಬೆಳಿಗ್ಗೆ ತಲೆಯ ಮೇಲೆ ಹಸಿರು. ಎಲೆಯ ಹಸಿರಲ್ಲ, ಜೀರುಂಡೆಯ ಬೆನ್ನಿನಂಥ ಲೋಹದ ಹಸಿರು. ಮರುವಾರ ಕುತ್ತಿಗೆಯಲ್ಲಿ ಹೊಸದಾಗಿ ಹುಳಿ ಹಾಕಿ ತಿಕ್ಕಿದ ತಾಮ್ರ. ಬೆನ್ನಿಗೆ ನೇರಳೆ ಬೆರೆತ ನೀಲಿ. ನೆತ್ತಿಯಲ್ಲಿ ನವಿಲಿಗಿರುವಂಥ ತುರಾಯಿ, ಒಂದೊಂದು ಕಡ್ಡಿಯ ತುದಿಗೂ ಒಂದೊಂದು ಪುಟ್ಟ ಚಮಚ. ಮಗಳು ನೋಟ್‌ಬುಕ್ಕಿನಲ್ಲಿ ದಿನಾ ಬಣ್ಣದ ಪೆನ್ಸಿಲಿನಿಂದ ಬರೆದಿಡುತ್ತಿದ್ದಾಳೆ. ನಾನು ದಿನಾ ಆ ನೋಟ್‌ಬುಕ್ಕನ್ನು ಅಕ್ಕಿಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದೇನೆ. ಮೊನ್ನೆ ಅವಳು ನನ್ನ ಮುಂದೆ ನಿಂತು, ತೀರ್ಪು ಓದುವವರಂತೆ ಹೇಳಿದಳು: “ಅಪ್ಪಾ, ಅಮ್ಮಿಣಿ ಕೋಳಿಯಲ್ಲ.” ಮಲಯಾಳಂ ಆದರೂ ನನಗೆ ಚೆನ್ನಾಗಿ ಅರ್ಥವಾಯಿತು.

ತಾವು ಹೇಳಿದ ಗೋಲ್ಡನ್ ಫೆಸಂಟಿನ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದೆವು. ಅದಕ್ಕೆ ಚಿನ್ನದ ಜುಟ್ಟು, ಕೆಂಪು ಹೊಟ್ಟೆ, ಮಾರುದ್ದ ಬಾಲ. ನಮ್ಮವನದು ಕಪ್ಪು ಹೊಟ್ಟೆ, ದಾಲ್ಚಿನ್ನಿ ಬಣ್ಣದ ಮೋಟು ಬಾಲ, ರೆಕ್ಕೆ ಬಿಚ್ಚಿದರೆ ಬೆನ್ನಲ್ಲೊಂದು ಬಿಳಿ ಚೌಕ. ಇಬ್ಬರೂ ದೂರದ ನೆಂಟರೂ ಅಲ್ಲ.

ನಿನ್ನೆ ಉಮಾಮಹೇಶ್ವರರಿಗೆ ನೆನಪಾಯಿತು. ಗೋಡೆ ಹಾರಿಯೇ ಬಂದರು, ಎಪ್ಪತ್ತರ ವಯಸ್ಸಿನಲ್ಲಿ.

“ಆಲೂಗಡ್ಡಿ ಹೊಲದಾಗ್ರೀ! ನಾ ಹಿಮಾಚಲದಾಗ ಆಲೂಗಡ್ಡಿ ಕೆಲಸಕ್ಕ ಹೋದಾಗ, ಮ್ಯಾಲಿನ ದೇವದಾರು ಕಾಡಿಂದ ಇಳದು ಬಂದು ಹೊಲಾ ಅಗೀತಿದ್ವು. ಬರ್ಫದಾಗೂ ಅಗೀತಾವ, ಬೇರು ಹುಳಾ ತಿನ್ನಾಕ. ಮೊನಾಲ್ ರೀ ಇದು. ಗಂಡು. ಎರಡನೇ ವರ್ಷದಾಗ ಬಣ್ಣ ಬರತೈತಿ, ಅಲ್ಲೀತನಕ ಥೇಟ್ ಹೆಣ್ಣಿನಂಗ ಇರತೈತಿ.” ಅಷ್ಟು ಹೇಳಿ, ಸುತ್ತ ನೋಡಿ, ದನಿ ಇಳಿಸಿದರು. “ಕಾಡುಹಕ್ಕಿ ಇದು, ಸಾಕೂದು ಅಪರಾಧ ಐತಿ. ಮೂರರಿಂದ ಏಳು ವರ್ಷ ಜೈಲು. ನಾ ಏನೂ ನೋಡಿಲ್ಲ, ನೀವೇನೂ ತೋರಿಸಿಲ್ಲ.” ಬಂದ ಗೋಡೆಯನ್ನೇ ಹಾರಿ ವಾಪಸು ಹೋದರು.

ನಿನ್ನೆಯಿಂದ ಗೇಟಿನ ಸದ್ದಾದರೆ ನನ್ನ ಎದೆ ಹಾರುತ್ತದೆ. ಹಾಲಿನವನಿಗೂ ಕೈ ಮುಗಿಯುತ್ತಿದ್ದೇನೆ.

ಇದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಮಳೆ ಶುರುವಾದಾಗಿಂದ ಅಮ್ಮಿಣಿಯ ಉಸಿರಿನಲ್ಲಿ ಗೊರಗೊರ ಎನ್ನುತ್ತಿದೆ. ಮೇವು ಬಿಟ್ಟಿದ್ದಾನೆ. ಉಳ್ಳೂರಿನ ಬಳಿ ಪಶುವೈದ್ಯರೊಬ್ಬರಿಗೆ ಫೋನು ಮಾಡಿದೆ. “ತನ್ನಿ, ಯಾವ ಜಾತಿ?” ಎಂದರು. ಇಟ್ಟುಬಿಟ್ಟೆ. ಜಾತಿ ಹೇಳಿದರೆ ನಾನು ಜೈಲಿಗೆ, ಹೇಳದಿದ್ದರೆ ಅವನು ಮಣ್ಣಿಗೆ.

ಸರಿ, ದಾಖಲೆಯಾದರೂ ನೆಟ್ಟಗಿರಲಿ ಎಂದು, ಕಚೇರಿಗೆ ಪೂರಕ ಮಾಹಿತಿ ಬರೆದಿಟ್ಟಿದ್ದೇನೆ: ‘ಹಕ್ಕಿಯ ಬಣ್ಣ ಕಂದು ಎಂದು ಹಿಂದೆ ತಿಳಿಸಿದ್ದು ಈಗ ಬದಲಾಗಿದೆ.’ ಬಣ್ಣದ ಫೋಟೋ ಲಗತ್ತು. ಇದೇ ಸೋಮವಾರ ಕೊಡಬೇಕೆಂದಿದ್ದೆ, ಓಣಂ ಮುಂಗಡದ ಗಲಾಟೆ ಮುಗಿದ ಮೇಲೆ ಮುಂದಿನ ಸೋಮವಾರ ಕೊಡುತ್ತೇನೆ. ತಮ್ಮ ಅಭಿಪ್ರಾಯ?

ರತ್ನಾಕರ

*

ಕೊಚ್ಚಿ
21 ಆಗಸ್ಟ್ 2024
(ಸ್ಪೀಡ್ ಪೋಸ್ಟ್)

ರತ್ನಾಕರರೇ,

ಕೊಡಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಆ ಕಾಗದ ಕೊಡಬೇಡಿ.

ನನಗೆ ಬೇಸರ ಬಂದದ್ದಲ್ಲ ಮಾರಾಯ್ರೇ. ಹೆದರಿ ಬರೆಯಲಿಲ್ಲ. ಏಪ್ರಿಲಿನಲ್ಲಿ, ನಿಮ್ಮ ಪತ್ರ ಬರುವ ಎರಡು ದಿನ ಮೊದಲು, ಆ ಕಕ್ಷಿದಾರನನ್ನು ತಮಿಳುನಾಡಿನ ಗಡಿಯಲ್ಲಿ ಹಿಡಿದರು. ವ್ಯಾನಿನ ತುಂಬಾ ಹಕ್ಕಿ. ಗೆದ್ದ ಕೇಸು ಕೂಡ ಹಕ್ಕಿಯದ್ದೇ. ಅವನದ್ದು ಬರೀ ಲವ್‌ಬರ್ಡ್ ವ್ಯಾಪಾರ ಎಂದು ನ್ಯಾಯಾಲಯದಲ್ಲಿ ಎದೆ ತಟ್ಟಿ ವಾದಿಸಿದವನು ನಾನು. ಬುಟ್ಟಿ ತಂದ ದಿನ ‘ಇದೆಂತ ಹಕ್ಕಿ’ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕಂದು ಹಕ್ಕಿ, ಕೋಳಿ ಎಂದ, ಕೋಳಿ ಎಂದುಕೊಂಡೆ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ, ಅದಕ್ಕೆ. ಗೋಲ್ಡನ್ ಫೆಸಂಟ್ ಎಂದು ನಿಮಗೆ ಬರೆದದ್ದು ನನ್ನ ಊಹೆ. ಅಲ್ಲ, ನನ್ನ ಆಸೆ.

ಹೋದ ವಾರ ಖಾಕಿಯವರಿಬ್ಬರು ಆಫೀಸಿಗೆ ಬಂದಿದ್ದರು. ಬಹಳ ಮರ್ಯಾದೆಯಿಂದ ಚಹಾ ಕುಡಿದರು. ಅವನ ಡೈರಿಯಲ್ಲಿ ‘ವಕ್ಕೀಲ್: ಒಂದು’ ಎಂದಿದೆಯಂತೆ. “ಒಂದು ಎಂತ ಸಾರೇ?” ಎಂದು ಕೇಳಿದರು. ನಾನು, ಇಪ್ಪತ್ತೆರಡು ವರ್ಷ ವಾದ ಮಾಡಿದವನು, “ಸಲಹೆ” ಎಂದೆ. ಅವರು ಬರೆದುಕೊಂಡು ಹೋದರು. ವಕೀಲಿ ಸನ್ನದು ಹೋದರೆ ನಾನು ಯಾರು? ಕೊಚ್ಚಿಯಲ್ಲಿ ಸುಮ್ಮನೆ ಬೆವರುವ ಒಬ್ಬ ಕಾಸರಗೋಡಿನವ.

ಒಂದು ದಾರಿ ಇದೆ. ಪೊನ್ಮುಡಿ ನಿಮ್ಮಿಂದ ಎರಡು ಗಂಟೆ. ಅದು ಬೆಟ್ಟ, ಇದು ಬೆಟ್ಟದ ಹಕ್ಕಿ. ಬಿಟ್ಟು ಬನ್ನಿ. ಮಗಳಿಗೆ ಹಾರಿಹೋಯಿತು ಎನ್ನಿ. ಈ ಪತ್ರ ಸುಟ್ಟುಬಿಡಿ.

ಮಹಾಲಿಂಗ

*

ಶ್ರೀಕಾರ್ಯಂ
24 ಆಗಸ್ಟ್ 2024

ಮಹಾಲಿಂಗರೇ,

ನಿಮ್ಮ ಪತ್ರ ನಿನ್ನೆ ಬಂತು. ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ಹೆದರಿಕೆ. ಮೂರನೆಯ ಸಲ ಕುಸುಮಾವತಿ ಕೈಯಿಂದ ಕಿತ್ತುಕೊಂಡು ಓದಿದಳು, ಆದ್ದರಿಂದ ಏನು ಬಂತೆಂದು ಗೊತ್ತಾಗಲಿಲ್ಲ.

ಪೊನ್ಮುಡಿಯ ಬಗ್ಗೆ ಗೋಡೆಯ ಮೇಲಿಂದಲೇ, ಯಾರದೋ ಹಕ್ಕಿ ಎಂಬಂತೆ, ಉಮಾಮಹೇಶ್ವರರನ್ನು ಕೇಳಿದೆ. “ಮೊನಾಲು ಎಂಟು ಹತ್ತು ಸಾವಿರ ಅಡಿ ಮ್ಯಾಲಿನ ಜೀವ. ಚಳಿ ಬೇಕು, ದೇವದಾರು ಬೇಕು, ಬರ್ಫ ಬೇಕು. ಪೊನ್ಮುಡಿ ಮೂರೂವರಿ ಸಾವಿರ. ಜಿಗಣಿ ಮತ್ತ ಮಂಜು ಅದಾವ. ಎರಡು ದಿನ ಬಾಳಿದ್ರ ಹೆಚ್ಚು,” ಎಂದರು. ಬೆಟ್ಟ ಎಂದ ಮಾತ್ರಕ್ಕೆ ಎಲ್ಲ ಬೆಟ್ಟವೂ ಅವನದಲ್ಲ. ನಾನು ಮೈಸೂರಿನವ, ನೀವು ಕಾಸರಗೋಡಿನವರು, ನಮಗೆ ಇದು ಬೇರೆ ಯಾರಾದರೂ ಹೇಳಬೇಕಿತ್ತೇ?

ಅಷ್ಟರಲ್ಲಿ ಮಗಳು ಒಳಗಿನಿಂದ ಕೂಗಿದಳು. ಅಮ್ಮಿಣಿ ಒಂದು ಪಕ್ಕಕ್ಕೆ ವಾಲಿದ್ದ. ಅಷ್ಟೊಂದು ಬಣ್ಣ, ಅದರೊಳಗೆ ಅಷ್ಟು ಸಣ್ಣ ಉಸಿರು.

ಅದೇ ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿ ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ದಾರಿಯುದ್ದಕ್ಕೂ ಬುಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದೆ. ಆಟೋದವನು “ಕೋಳಿಯಾಣೋ ಸಾರೇ?” ಎಂದು ಕೇಳಿದ. “ಅಲ್ಲ” ಎಂದೆ. ಏಳು ತಿಂಗಳಲ್ಲಿ ನಾನು ಯಾರಿಗಾದರೂ ಹೇಳಿದ ಮೊದಲ ನಿಜ.

ಅಲ್ಲಿ ಗ್ರೇಸಿ ಎಂಬ ಅಧಿಕಾರಿ. ಬುಟ್ಟಿ ತೆರೆದವರೇ ನನ್ನನ್ನು ಮರೆತು ವೈದ್ಯರನ್ನು ಕೂಗಿ, ಹಕ್ಕಿಯನ್ನು ಒಳಗೆ ಕಳಿಸಿ, ಆಮೇಲೆ ನನ್ನ ಮುಂದೆ ಫಾರಂ ಇಟ್ಟರು. ಹೆಸರು, ವಿಳಾಸ, ಹಕ್ಕಿಯ ಜಾತಿ, ಎಲ್ಲ ಬರೆದೆ. ‘ಯಾರಿಂದ ಪಡೆದದ್ದು’ ಎಂಬಲ್ಲಿ ಪೆನ್ನು ನಿಂತಿತು. ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಅಂಕಣವನ್ನೂ ಖಾಲಿ ಬಿಟ್ಟವನಲ್ಲ. ಬಿಟ್ಟವರಿಗೆ ಆಕ್ಷೇಪಣೆ ಬರೆದವನು. ಬರೆದೆ: ‘ಹಿತ್ತಿಲಿಗೆ ತಾನಾಗಿ ಬಂದದ್ದು.’ ಸಹಿ ಹಾಕಿದೆ. ಅಕ್ಷರ ನನ್ನದರ ಹಾಗೆ ಕಾಣಲಿಲ್ಲ.

ನಿಮ್ಮ ಹೆಸರು ಎಲ್ಲೂ ಇಲ್ಲ. ನನ್ನ ಕಚೇರಿಯ ಮೂರು ಪ್ರತಿಗಳನ್ನು ಬಿಟ್ಟು. ಅದನ್ನು ಯಾರೂ ಓದುವುದಿಲ್ಲವೆಂದು ನಂಬೋಣ, ಇಷ್ಟು ವರ್ಷ ಯಾವುದನ್ನೂ ಓದಿಲ್ಲ.

ರತ್ನಾಕರ

*

ಕೊಚ್ಚಿ
24 ಆಗಸ್ಟ್ 2024

ರತ್ನಾಕರರೇ,

ಪೊನ್ಮುಡಿಗೆ ಹೋಗಬೇಡಿ. ಹೋಗಿದ್ದರೆ ವಾಪಸು ಹಿಡಿದು ತನ್ನಿ, ಹೇಗಾದರೂ.

ಸ್ಪೀಡ್ ಪೋಸ್ಟ್ ಮಾಡಿ ಬಂದ ಮೇಲೆ ಮೊನಾಲಿನ ಬಗ್ಗೆ ಇದ್ದದ್ದನ್ನೆಲ್ಲ ಓದಿದೆ. ಮೊದಲು ಓದಬೇಕಿತ್ತು. ನಿಮ್ಮ ಪತ್ರವನ್ನೂ ಮತ್ತೆ ಓದಿದೆ. ಅದರಲ್ಲಿ ನಿಮ್ಮ ಹೆದರಿಕೆಗೆ ಎರಡು ಸಾಲು, ಹಕ್ಕಿಯ ಉಸಿರಿಗೆ ಐದು ಸಾಲು. ನನ್ನ ಪತ್ರದಲ್ಲಿ ಹಕ್ಕಿಯ ಉಸಿರು ಒಂದು ಸಾಲಿನಲ್ಲೂ ಇರಲಿಲ್ಲ. ನಾಚಿಕೆಯಾಯಿತು.

ಇವತ್ತು ಬೆಳಿಗ್ಗೆ ನಿಮ್ಮ ಊರಿನ ಅರಣ್ಯ ಕಚೇರಿಗೆ ರಿಜಿಸ್ಟರ್ಡ್ ಪತ್ರ ಹಾಕಿದ್ದೇನೆ. ಹಕ್ಕಿ ನಾನು ಕೊಟ್ಟದ್ದು, ಯಾವುದೆಂದು ರತ್ನಾಕರರಿಗೆ ಗೊತ್ತಿರಲಿಲ್ಲ, ಅವರು ಆಗಲೇ ಲಿಖಿತವಾಗಿ ಸರ್ಕಾರಕ್ಕೆ ತಿಳಿಸಿದ್ದಾರೆ ಎಂದು. ಹೌದು ಮಾರಾಯ್ರೇ, ನಿಮ್ಮ ಆ ದರಿದ್ರ ಮೂರು ಪ್ರತಿಯೇ ಈಗ ನಿಮ್ಮನ್ನು ಉಳಿಸುವ ಸಾಕ್ಷಿ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ಒಂದಕ್ಷರ ಸುಳ್ಳು ಬರೆಯಬೇಡಿ.

ಅವಸರದ ಅಕ್ಷರ, ಕ್ಷಮಿಸಿ.

ಮಹಾಲಿಂಗ

*

ಶ್ರೀಕಾರ್ಯಂ
29 ಆಗಸ್ಟ್ 2024

ಮಹಾಲಿಂಗಾ,

ಗ್ರೇಸಿಯವರು ಇವತ್ತು ನನ್ನನ್ನು ಕರೆಸಿದ್ದರು. ಮೇಜಿನ ಮೇಲೆ ಎರಡು ಕಾಗದ ಪಕ್ಕಪಕ್ಕದಲ್ಲಿ. ಒಂದು ನನ್ನ ‘ತಾನಾಗಿ ಬಂದದ್ದು’. ಇನ್ನೊಂದು ನಿನ್ನ ರಿಜಿಸ್ಟರ್ಡ್. ಕನ್ನಡಕ ಏರಿಸಿ ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದರು.

“ಸಾರೇ, ಇದಿಲ್ ಏದಾ ಸತ್ಯಂ?”

ಯಾವುದು ನಿಜ ಎಂದು. ನಾನು ನಿನ್ನ ಕಾಗದದ ಮೇಲೆ ಬೆರಳಿಟ್ಟೆ. ಅವರು ನಗಲೂ ಇಲ್ಲ, ಗದರಲೂ ಇಲ್ಲ. ಸುಳ್ಳು ಬರೆದದ್ದಕ್ಕೆ ನನ್ನದೊಂದು ಹೊಸ ಹೇಳಿಕೆ ಬೇಕಂತೆ, ನಿನ್ನದು ನಿನ್ನ ಬಾಯಿಂದಲೇ ಬೇಕಂತೆ. ಸೋಮವಾರ ಹನ್ನೊಂದಕ್ಕೆ ಇಬ್ಬರೂ ಹಾಜರಾಗಬೇಕು. “ಕಾಗದ ಕಳಿಸಿದವರೆಲ್ಲ ಬರುವುದಿಲ್ಲ,” ಎಂದರು. “ನೋಡೋಣ.”

ಆಮೇಲೆ ಏನಾಗುತ್ತದೆಂದು ಕೇಳಿದೆ. ಅದು ತಮ್ಮ ಕೈಯಲ್ಲಿಲ್ಲ ಎಂದರು.

ಹಕ್ಕಿಯನ್ನು ನೋಡಲು ಬಿಡಲಿಲ್ಲ. ಔಷಧ ನಡೆದಿದೆ, ತಂಪು ಕೋಣೆಯಲ್ಲಿದ್ದಾನೆ, ಇನ್ನೂ ಹೇಳಲಾಗದು ಎಂದರು. ಬಾಗಿಲ ಹೊರಗೆ ನಿಂತಿದ್ದಾಗ ಒಳಗಿನಿಂದ ಒಂದು ಉದ್ದನೆಯ ಸಿಳ್ಳೆ ಕೇಳಿಸಿತು. ನಮ್ಮ ಮನೆಯಲ್ಲಿ ಅವನು ಒಮ್ಮೆಯೂ ಹಾಗೆ ಕೂಗಿರಲಿಲ್ಲ. ಯಾರನ್ನೋ ಬೆಟ್ಟದ ಆಚೆಯಿಂದ ಕರೆದ ಹಾಗಿತ್ತು. ಯಾರೂ ಉತ್ತರಿಸಲಿಲ್ಲ.

ನನಗೆ ತುಂಬಾ ಹೆದರಿಕೆಯಾಗುತ್ತಿದೆ. ನೀನು ಬಾ.

ರತ್ನಾಕರ

*

ರೈಲಿನಲ್ಲಿ
2 ಸೆಪ್ಟೆಂಬರ್ 2024, ಸೋಮವಾರ

ರತ್ನಾಕರಾ,

ಈ ಪತ್ರಕ್ಕಿಂತ ಮೊದಲು ನಾನೇ ನಿನ್ನನ್ನು ತಲುಪುತ್ತೇನೆ. ಇದನ್ನು ಅಂಚೆಗೆ ಹಾಕುವ ಅರ್ಥವಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬರೆಯುತ್ತಿರುವಷ್ಟು ಹೊತ್ತು ಇಳಿಯಲಾಗುವುದಿಲ್ಲ.

ಕೋಟ್ಟಯಂನಲ್ಲಿ ಇಡ್ಲಿಯವ ಬಂದ. ತೆಗೆದುಕೊಂಡೆ, ಹಾಗೇ ಇದೆ.

ಚೆಂಗನ್ನೂರಿನಲ್ಲಿ ಒಬ್ಬ ಖಾಕಿ ಹತ್ತಿ ನನ್ನ ಎದುರೇ ಕೂತ. ಬೆವರಿದೆ. ಅವನು ಟಿಫಿನ್ ಬಿಚ್ಚಿದ ಮೇಲೆ ತಿಳಿಯಿತು, ಯಾವುದೋ ಕಂಪನಿಯ ಕಾವಲುಗಾರ. ನನ್ನ ಇಡ್ಲಿ ಅವನಿಗೇ ಕೊಟ್ಟೆ.

ಕಾಯಂಕುಳಂನಲ್ಲಿ ಎದ್ದು ಬಾಗಿಲ ತನಕ ಹೋದೆ. ಗಾಳಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಚೀಲ ಕೈಯಲ್ಲಿತ್ತು. ಗಾಳಿಗೆ ಚೀಲ ಯಾಕೆ? ವಾಪಸು ಬಂದು ಕೂತೆ.

ಈಗ ಕೊಲ್ಲಂ. ರೈಲು ನಿಂತಿದೆ. ಎದುರಿನ ಪ್ಲಾಟ್‌ಫಾರ್ಮಿಗೆ ಎರ್ನಾಕುಲಂ ಕಡೆಯ ಗಾಡಿ ಬರುತ್ತಿದೆ ಎಂದು ಕೂಗುತ್ತಿದ್ದಾರೆ, ಮೂರು ಭಾಷೆಯಲ್ಲಿ. ಕನ್ನಡದಲ್ಲಿಲ್ಲ. ಅದು ಬಂತು. ಬಾಗಿಲು ನನ್ನ ಬಾಗಿಲಿಗೆ ಸರಿ ಎದುರಿಗಿದೆ. ಹತ್ತು ಹೆಜ್ಜೆ. ಕಾವಲುಗಾರ “ಸಾರ್ ಇಲ್ಲಿ ಇಳಿಯುವುದಾ?” ಎಂದು ಕಾಲು ಮಡಚಿ ದಾರಿ ಬಿಟ್ಟಿದ್ದಾನೆ. ನಾನು ತಲೆಯೆತ್ತದೆ ಬರೆಯುತ್ತಿದ್ದೇನೆ. ಏನು ಬರೆಯುವುದೆಂದು ತಿಳಿಯದೆ ಅ ಆ ಇ ಈ ಬರೆಯುತ್ತಿದ್ದೇನೆ, ನೋಡು, ಅಂಚಿನಲ್ಲಿದೆ.

ಅಲುಗಿತು.

ಹೊರಟದ್ದು ಆ ಗಾಡಿಯೋ ನಮ್ಮದೋ ಎಂದು ಒಂದು ಕ್ಷಣ ತಿಳಿಯಲಿಲ್ಲ. ನಮ್ಮದೇ. ಕಂಬಗಳು ಹಿಂದಕ್ಕೆ ಹೋಗುತ್ತಿವೆ. ನಾನು ಒಳಗೇ ಇದ್ದೇನೆ.